ಪುಕ್ಕಟೆ ನಕ್ಷೆ, ಕಾಸಿನ ಗುರುತು

‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಅಂತ ನಮ್ಮ ಕಡೆ ಒಂದು ಮಾತಿದೆ. ನಮ್ಮದು ಚಳ್ಳಕೆರೆ ಸೀಮೆ. ಬೋರು ಬತ್ತಿ ವರ್ಷಗಳಾದವು, ಈಗ ಪೂರ್ತಿ ಮಳೆ ನಂಬಿದ ಬೇಸಾಯ. ಆರು ಎಕರೆ ಮಸಾರಿ ಹೊಲ. ನಾಲ್ಕು ಎಕರೆಗೆ ಶೇಂಗಾ, ಉಳಿದದ್ದಕ್ಕೆ ಸಜ್ಜೆ, ನವಣೆ, ಅಕ್ಕಡಿಗೆ ತೊಗರಿ. ಎರೆ ಹೊಲದವರಿಗೆ ಮಳೆ ನಿಂತ ಮೇಲೂ ಹದ ಹಲವು ದಿನ ಇರುತ್ತೆ. ಮಸಾರಿಯವರಿಗೆ ಹಾಗಲ್ಲ. ಮಳೆ ಬಂದ ಮಾರನೆಯ ದಿನ ಹೊಲಕ್ಕೆ ಕಾಲಿಡೋಕಾಗೋದಿಲ್ಲ, ಆಮೇಲೆ ಮೂರು ದಿನ ಹದ, ನಾಲ್ಕನೆಯ ದಿನಕ್ಕೆ ಮೇಲುಮಣ್ಣು ಒಣಗಿ ಬೂದಿ. ಆ ಮೂರು ದಿನದಲ್ಲಿ ಬೀಜ ಬಿದ್ದರೆ ವರ್ಷದ ಅನ್ನ, ಇಲ್ಲವಾದರೆ ಮುಂದಿನ ಮಳೆಗೆ ಮುಖ ಮೇಲೆ ಮಾಡಿ ಕೂರಬೇಕು. ಇದು ಓದುವ ಎಲ್ಲರಿಗೂ ಗೊತ್ತಿರುವ ಮಾತೇ. ಆದರೂ ಮೊದಲೇ ಯಾಕೆ ಹೇಳಿದೆ ಅಂದರೆ, ಈಗ ಹೇಳಹೊರಟಿರುವ ಕತೆ ಆ ಮೂರು ದಿನದ್ದು.

ಒಂದು ಮುಂಗಾರಿನಲ್ಲಿ ಆರಿದ್ರ ಚೆನ್ನಾಗಿ ಹುಯ್ತು. ಹದ ಬಂದ ದಿನ ಬೆಳಿಗ್ಗೆ ಟ್ರ್ಯಾಕ್ಟರ್ ಕೂರಿಗೆ ಹೂಡಿದೆವು. ಒಂದು ಎಕರೆ ಮುಗಿಯುವುದರೊಳಗೆ ಬೀಜ ಬೀಳಿಸುವ ಶಾಫ್ಟನ್ನು ತಿರುಗಿಸುವ ಚೈನಿನ ಹಲ್ಲುಚಕ್ರ ಮುರಿದುಹೋಯಿತು. ಮೊದಲಿನಿಂದ ನಮಗೆ ಇಂಥ ಕೆಲಸ ಮಾಡಿಕೊಡುತ್ತಿದ್ದವರು ತೀರಿಕೊಂಡು, ಅವರ ಅಂಗಡಿ ಮುಚ್ಚಿತ್ತು. ಮಗ ಮೊಬೈಲ್ ತೆಗೆದ. ನಕ್ಷೆಯಲ್ಲಿ ‘ಕೂರಿಗೆ ಸ್ಪೇರ್’ ಅಂತ ಹುಡುಕಿದ. ಎಲ್ಲಕ್ಕಿಂತ ಮೇಲೆ ಒಂದು ದೊಡ್ಡ ಅಂಗಡಿ ಬಂತು. ಫೋಟೋ ಇದೆ, ಫೋನ್ ನಂಬರ್ ಇದೆ, ದಾರಿ ತೋರಿಸುವ ಗುಂಡಿ ಇದೆ. ‘ಇದೇ ಅಪ್ಪಾ, ಮೊದಲನೇದು’ ಅಂದ. ನಾನೂ ‘ಮೊದಲನೇದು ಅಂದ ಮೇಲೆ ಒಳ್ಳೇದೇ ಇರಬೇಕು, ಹೋಗು’ ಅಂದೆ.

ಅದು ಬೈಪಾಸ್ ಪಕ್ಕದ ಶೋರೂಮು. ಹೊಸ ಕೂರಿಗೆ ಮಾರುವವರು. ಹಳೆಯದರ ಬಿಡಿ ಭಾಗ ಅವರ ಹತ್ತಿರ ಇರಲಿಲ್ಲ. ‘ನಾಳೆ ತರಿಸಿಕೊಡ್ತೀವಿ, ಮುಂಗಡ ಕೊಡಿ’ ಅಂದರು. 500 ರೂಪಾಯಿ ಕೊಟ್ಟು ಬಂದ. ಮಾರನೆಯ ದಿನ ಮಧ್ಯಾಹ್ನದವರೆಗೂ ಕಾದ, ಮಾಲು ಬರಲಿಲ್ಲ. ‘ಹೊಸ ಕೂರಿಗೆನೇ ತಗೊಂಡು ಹೋಗಿ, ಕಂತಿನಲ್ಲಿ ಕೊಡ್ತೀವಿ’ ಅಂತ ಶುರು ಮಾಡಿದರು. ಮಗ ಸಿಟ್ಟು ಮಾಡಿಕೊಂಡು ಹಳೇ ಬಸ್ ಸ್ಟ್ಯಾಂಡಿಗೆ ಬಂದು ಟೀ ಕುಡಿಯುತ್ತಾ ಕೂತಾಗ ಟೀ ಅಂಗಡಿಯವನು ಕೇಳಿದನಂತೆ, ‘ಯಾಕಣ್ಣ, ಮುಖ ಹಿಂಗ್ಯಾಕೆ?’ ವಿಷಯ ಹೇಳಿದ್ದಕ್ಕೆ ಹಿಂದಿನ ಗಲ್ಲಿ ತೋರಿಸಿದ. ಅಲ್ಲಿ ಒಬ್ಬ ಆಚಾರ್ರ ಲೇತ್ ಅಂಗಡಿ. ಮುರಿದ ಚಕ್ರ ನೋಡಿ, ಅಳತೆ ಹಿಡಿದು, ಒಂದೂವರೆ ಗಂಟೆಯಲ್ಲಿ ಹೊಸದು ಕಡೆದು ಕೊಟ್ಟರು. ಮುಂಗಡಕ್ಕೆ ಕೊಟ್ಟಿದ್ದಕ್ಕಿಂತ ಕಡಿಮೆ ಕೂಲಿ.

ಆ ಹೊತ್ತಿಗೆ ಎರಡು ದಿನ ಹೋಗಿತ್ತು. ಮೂರನೆಯ ದಿನ ಉಳಿದ ಮೂರು ಎಕರೆ ಬಿತ್ತಿದೆವು. ಬಿಸಿಲು, ಗಾಳಿ ಎರಡೂ ಜೋರಾಗಿದ್ದವು. ಮೊದಲ ದಿನ ಬಿತ್ತಿದ ಒಂದು ಎಕರೆ ಸಾಲು ಸಾಲಾಗಿ ಎದ್ದಿತು. ಉಳಿದ ಮೂರು ಎಕರೆಯಲ್ಲಿ ಅಲ್ಲೊಂದು ಇಲ್ಲೊಂದು. ಹೊಲದ ಬದುವಿನ ಮೇಲೆ ನಿಂತರೆ ಯಾವುದು ಹದದಲ್ಲಿ ಬಿತ್ತಿದ್ದು, ಯಾವುದು ತಪ್ಪಿ ಬಿತ್ತಿದ್ದು ಅಂತ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

ಆಮೇಲೆ ಆಚಾರ್ರನ್ನ ಕಂಡು ಕೇಳಿದೆ, ‘ಏನ್ ಆಚಾರ್ರೆ, ನಿಮ್ಮ ಅಂಗಡಿ ಮ್ಯಾಪಲ್ಲೇ ಇಲ್ಲವಲ್ಲ?’ ಅವರು ನಕ್ಕರು. ‘ಮೂವತ್ತು ವರ್ಷದಿಂದ ಇಲ್ಲೇ ಕೂತಿದೀನಿ ಗೌಡ್ರೆ. ಮ್ಯಾಪಿಗೆ ಕಣ್ಣಿಲ್ಲ ಅಂದ್ರೆ ನಾನೇನು ಮಾಡ್ಲಿ?’

ಅಂಗಡಿಯ ಹೆಸರು ಹೇಳುವುದಿಲ್ಲ, ಯಾವ ನಕ್ಷೆ ಅಂತಲೂ ಹೇಳುವುದಿಲ್ಲ. ನನ್ನ ಜಗಳ ಒಂದು ಹೆಸರಿನ ಜೊತೆ ಅಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಫೋನ್ ಮಾಡಿ ‘ಹಲ್ಲುಚಕ್ರ ಇದೆಯಾ?’ ಅಂತ ಕೇಳಿದ್ದರೆ ಒಂದು ದಿನ ಉಳಿಯುತ್ತಿತ್ತು. ಆದರೆ ಆ ಅಂಗಡಿ ಎಲ್ಲಕ್ಕಿಂತ ಮೇಲೆ ಯಾಕೆ ಬಂತು ಅನ್ನುವ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮೇಲೆ ಬರುವುದು ಹೇಗೆ?

ನನ್ನ ಅಣ್ಣನ ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಗೌರಿ ಹಬ್ಬಕ್ಕೆ ಬಂದಾಗ ಮಗನ ಮೊಬೈಲ್ ಕೊಟ್ಟು ತೋರಿಸಿದೆ. ಆ ಅಂಗಡಿಯ ಹೆಸರಿನ ಹತ್ತಿರ ಇರುವೆ ಗಾತ್ರದ ಒಂದು ಪದ ಇತ್ತು. ‘ಇದು ನೋಡು ಚಿಕ್ಕಪ್ಪ, ಸ್ಪಾನ್ಸರ್ಡ್ ಅಂತ ಇದೆ. ಅಂದ್ರೆ ಅಂಗಡಿಯವರು ಕಾಸು ಕೊಟ್ಟಿದ್ದಾರೆ’ ಅಂದಳು. ಭಾಷೆಯನ್ನು ಕನ್ನಡಕ್ಕೆ ಬದಲಿಸಿದಳು. ಅಲ್ಲಿ ‘ಪ್ರಾಯೋಜಿತ’ ಅಂತ ಬಂತು. ಏಳನೇ ಕ್ಲಾಸು ಓದಿದವನು ನಾನು, ದಿನಾ ಪೇಪರು ಓದುತ್ತೇನೆ. ನನಗೇ ಆ ಪದ ನೋಡಿದ ಕೂಡಲೇ ಹಣದ ವಿಷಯ ಹೊಳೆಯಲಿಲ್ಲ. ಓದು ಬಾರದ ನನ್ನ ಹೆಂಡತಿಗೆ, ಅವಸರದಲ್ಲಿದ್ದ ಮಗನಿಗೆ ಹೇಗೆ ಹೊಳೆಯಬೇಕು?

ಅವಳು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತೇನೆ. ಲೆಕ್ಕ ಅರ್ಥವಾಗಲು ನಮ್ಮೆಲ್ಲರ ಮೊಬೈಲಿನಲ್ಲಿರುವ ಗೂಗಲ್ ನಕ್ಷೆಯನ್ನೇ ಉದಾಹರಣೆಗೆ ತಗೊಳ್ಳೋಣ.

ಗೂಗಲ್ ನಕ್ಷೆ ಶುರುವಾದದ್ದು 2005ರಲ್ಲಿ. ಈಗ ತಿಂಗಳಿಗೆ 200 ಕೋಟಿಗೂ ಹೆಚ್ಚು ಜನ ಅದನ್ನು ಬಳಸುತ್ತಾರೆ ಅಂತ ಕಂಪನಿ 2024ರಲ್ಲಿ ಹೇಳಿದೆ. ಬಳಸುವ ನಮ್ಮಿಂದ ಒಂದು ಪೈಸೆ ಕೇಳುವುದಿಲ್ಲ. 2016ರ ಮೇ ತಿಂಗಳಲ್ಲಿ ನಕ್ಷೆಯೊಳಗೆ ಹಣ ಕೊಟ್ಟ ಅಂಗಡಿಗಳಿಗೆ ಬೇರೆ ಬಣ್ಣದ ಗುರುತು ಹಾಕುವ ಯೋಜನೆ ಪ್ರಕಟಿಸಿದರು. ಮೊಬೈಲಿನಲ್ಲಿ ಜನ ಹುಡುಕುವುದರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಯಾವುದೋ ಜಾಗಕ್ಕೆ ಸಂಬಂಧಿಸಿದ್ದು ಅಂತ ಆಗ ಕಂಪನಿಯೇ ಹೇಳಿತ್ತು. ಅಷ್ಟು ಜನ ಓಡಾಡುವ ದಾರಿಯಲ್ಲಿ ಬೋರ್ಡು ಹಾಕದೆ ಬಿಡುತ್ತಾರಾ?

ಬೋರ್ಡಿನ ಬಾಡಿಗೆ ನಮ್ಮ ಊರ ಗೋಡೆಗೆ ಬಣ್ಣ ಹೊಡೆಸಿದಂತಲ್ಲ. ಅಂಗಡಿಯವನು ಒಂದು ಮೊತ್ತ ಗೊತ್ತು ಮಾಡುತ್ತಾನೆ. ಯಾರಾದರೂ ಅವನ ಹೆಸರು ಒತ್ತಿದರೆ, ದಾರಿ ಕೇಳಿದರೆ, ಫೋನ್ ಗುಂಡಿ ಒತ್ತಿದರೆ ಆಗ ಅವನ ಖಾತೆಯಿಂದ ಹಣ ಕಡಿತ. ಒಂದೇ ಜಾಗಕ್ಕೆ ಹತ್ತು ಅಂಗಡಿಯವರು ಬಂದರೆ ಹರಾಜು. ಮಂಡಿಯಲ್ಲಿ ನಮ್ಮ ಶೇಂಗಾ ಹರಾಜಾದಂತೆಯೇ, ಆದರೆ ಕಣ್ಣು ಮಿಟುಕಿಸುವುದರೊಳಗೆ ಯಂತ್ರವೇ ಕೂಗಿ ಯಂತ್ರವೇ ಮುಗಿಸುತ್ತದೆ. ಹಣದ ಜೊತೆಗೆ ಜಾಹೀರಾತು ಎಷ್ಟು ಹೊಂದುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರಂತೆ. ಆ ಹರಾಜಿಗೆ ಬಂದ ಮಾಲು ಯಾವುದು ಅಂತ ಯೋಚಿಸಿದೆ. ಕೂರಿಗೆ ಅಲ್ಲ, ಹಲ್ಲುಚಕ್ರ ಅಲ್ಲ. ಅವಸರದಲ್ಲಿ ಹೊಲದ ಬದುವಿನ ಮೇಲೆ ನಿಂತಿದ್ದ ನನ್ನ ಮಗನೇ ಆ ಮಾಲು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಜಾಹೀರಾತು ಬಿಟ್ಟು ಕೆಳಗೆ ಬರುವ ಸಾಮಾನ್ಯ ಪಟ್ಟಿಯಲ್ಲಿ ಹಣ ಕೊಟ್ಟು ಮೇಲೆ ಬರೋಕಾಗೋದಿಲ್ಲ ಅಂತ ಗೂಗಲ್ ಸ್ಪಷ್ಟವಾಗಿ ಹೇಳಿದೆ. ಕೇಳಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರ, ಎಷ್ಟು ಹೆಸರುವಾಸಿ ಈ ಮೂರನ್ನು ನೋಡಿ ಆ ಪಟ್ಟಿ ಮಾಡುತ್ತಾರಂತೆ. ಅಂಗಡಿಯವರು ತಮ್ಮ ಹೆಸರು ಸೇರಿಸಲು ಹಣ ಕೊಡಬೇಕಾಗಿಯೂ ಇಲ್ಲ. ಹಾಗಾದರೆ ಕಾಸಿನ ಅಂಗಡಿ ಬೇರೆ, ಕಾಸಿಲ್ಲದ ಪಟ್ಟಿ ಬೇರೆ. ಎರಡನ್ನೂ ಒಂದೇ ಗೋಣಿಯ ಮೇಲೆ ಸುರಿದು, ಕಾಸಿನದನ್ನು ಮೇಲೆ ಹರಡಿದಂತೆ ತೋರಿಸುವುದೇ ನನ್ನ ತಕರಾರು.

ಪುಕ್ಕಟೆ ಯಾವತ್ತೂ ಇರಲಿಲ್ಲ

‘ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು’ ಅನ್ನುವ ಜನ ನಾವು. ನಕ್ಷೆ ಪುಕ್ಕಟೆ ಸಿಕ್ಕಿತು, ಎಲ್ಲರ ಜೇಬಿನಲ್ಲೂ ಇಟ್ಟುಕೊಂಡೆವು. ಆದರೆ ಹಳೆಯದನ್ನು ತಿರುವಿ ನೋಡಿದರೆ ಯಾವ ನಕ್ಷೆಯನ್ನೂ ಯಾರೂ ಪುಕ್ಕಟೆ ಮಾಡಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಮೈಸೂರು ಸೀಮೆಯನ್ನು ಅಳೆಸಿದರು. ಆ ಕೆಲಸದ ಮುಖ್ಯಸ್ಥ ಕಾಲಿನ್ ಮೆಕೆಂಜಿ. ಮುಂದೆ 1815ರಲ್ಲಿ ಇಡೀ ಭಾರತಕ್ಕೇ ಮೊದಲ ಸರ್ವೇಯರ್ ಜನರಲ್ ಆದವನು. ನಮ್ಮ ಊರು, ಕೆರೆ, ಗುಡ್ಡ ಎಲ್ಲ ಕಾಗದದ ಮೇಲೆ ಬಂದದ್ದು ನಮ್ಮ ಮೇಲಿನ ಪ್ರೀತಿಯಿಂದಲ್ಲ. ಆಳಬೇಕಿತ್ತು, ಕಂದಾಯ ಹಾಕಬೇಕಿತ್ತು. ಭಾರತೀಯ ಸರ್ವೇಕ್ಷಣಾ ಇಲಾಖೆ 1767ರಲ್ಲಿ ಹುಟ್ಟಿದ್ದೂ ಅದೇ ಕಂಪನಿಯ ಕಾಲದಲ್ಲಿ. ಆಗಲೂ ನಕ್ಷೆ ಮಾಡಿಸಿದ್ದು ಒಂದು ಕಂಪನಿ, ಈಗಲೂ ಒಂದು ಕಂಪನಿ. ಆಗಿನವರಿಗೆ ನಮ್ಮ ಹೊಲದ ಅಳತೆ ಬೇಕಿತ್ತು. ಈಗಿನವರಿಗೆ ನಾವು ಎಲ್ಲಿದ್ದೇವೆ, ಎಲ್ಲಿಗೆ ಹೊರಟಿದ್ದೇವೆ ಅನ್ನುವುದು ಬೇಕು.

ಗೂಗಲ್ಲಿನ ಒಡೆಯ ಕಂಪನಿ ಆಲ್ಫಾಬೆಟ್. ಅದರ 2023ರ ಲೆಕ್ಕದಲ್ಲಿ ಒಟ್ಟು ಆದಾಯ ಸುಮಾರು 307 ಶತಕೋಟಿ ಡಾಲರ್. ಅದರಲ್ಲಿ ಜಾಹೀರಾತಿನಿಂದ ಬಂದದ್ದೇ ಸುಮಾರು 238 ಶತಕೋಟಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 100 ರೂಪಾಯಿ ಆದಾಯದಲ್ಲಿ 77 ರೂಪಾಯಿ ಜಾಹೀರಾತಿನದು. ಅಂಥ ಮನೆಯಲ್ಲಿ ಹುಟ್ಟಿದ ನಕ್ಷೆ ಜಾಹೀರಾತು ಇಲ್ಲದೆ ಇರಲಿ ಅನ್ನುವುದು, ಸಾರಾಯಿ ಅಂಗಡಿಗೆ ಹೋಗಿ ಮಜ್ಜಿಗೆ ಕೇಳಿದಂತೆ.

ನಾವು ಕೊಡುತ್ತಿರುವುದು ಬರೀ ಕಣ್ಣಲ್ಲ. ರಸ್ತೆಯಲ್ಲಿ ವಾಹನ ದಟ್ಟಣೆ ಇದ್ದರೆ ನಕ್ಷೆಯಲ್ಲಿ ಕೆಂಪು ಗೆರೆ ಬರುತ್ತಲ್ಲ, ಅದು ಹೇಗೆ ಗೊತ್ತಾಗುತ್ತೆ? ಆ ರಸ್ತೆಯಲ್ಲಿ ಹೋಗುತ್ತಿರುವವರ ಮೊಬೈಲುಗಳೇ ತಮ್ಮ ವೇಗವನ್ನು ಹೇಳುತ್ತಿರುತ್ತವೆ. ಅಂದರೆ ನಕ್ಷೆಯನ್ನು ದಿನಾ ಹೊಸದಾಗಿ ಇಡುವ ಕೂಲಿ ನಾವೇ ಮಾಡುತ್ತಿದ್ದೇವೆ. ಇನ್ನೂ ಒಂದು ಇದೆ. 2008ರಲ್ಲಿ ಗೂಗಲ್ ‘ಮ್ಯಾಪ್ ಮೇಕರ್’ ಅಂತ ಒಂದನ್ನು ತಂದಿತು. ಅದನ್ನು ಕಟ್ಟಿದ್ದು ಭಾರತದಲ್ಲಿದ್ದ ಅವರ ಎಂಜಿನಿಯರುಗಳೇ. ನಕ್ಷೆಯಲ್ಲಿ ಇಲ್ಲದ ರಸ್ತೆ, ಊರು, ಶಾಲೆ, ದೇವಸ್ಥಾನಗಳನ್ನು ಜನರೇ ಬರೆದು ಸೇರಿಸಬಹುದಿತ್ತು. ನಮ್ಮ ದೇಶದ ಎಷ್ಟೋ ಹುಡುಗರು ಕೂಲಿಯಿಲ್ಲದೆ ಕೂತು ತಮ್ಮ ಊರಿನ ದಾರಿ ಬರೆದರು. 2017ರ ಮಾರ್ಚಿನಲ್ಲಿ ಅದನ್ನು ಮುಚ್ಚಿದರು. ಬರೆದ ದಾರಿಗಳು ಕಂಪನಿಯ ನಕ್ಷೆಯಲ್ಲೇ ಉಳಿದವು. ಊರವರು ಶ್ರಮದಾನ ಮಾಡಿ ರಸ್ತೆ ಹಾಕಿದಂತಾಯಿತು, ಸಂತೆ ಸುಂಕ ಮಾತ್ರ ಬೇರೆಯವರಿಗೆ.

ಕ್ಯಾಲೆಂಡರಿನ ನ್ಯಾಯ

‘ಜಾಹೀರಾತು ಎಲ್ಲಿ ಇಲ್ಲ? ನಿಮ್ಮ ಪತ್ರಿಕೆಯಲ್ಲೂ ಬರುತ್ತಲ್ಲ’ ಅಂತ ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಸ್ಪ್ರೇಯರಿನವರದು, ನರ್ಸರಿಯವರದು ಜಾಹೀರಾತು ಬರದೇ ಇದ್ದರೆ ರೈತರು ನಡೆಸುವ ಪತ್ರಿಕೆಯ ಚಂದಾ ನಮ್ಮ ಕೈಗೆ ಎಟುಕುವುದಿಲ್ಲ. ನಾನು ಜಾಹೀರಾತಿನ ವಿರೋಧಿ ಅಲ್ಲ. ಸಂತೆಯಲ್ಲಿ ಕೂಗುವವನು ಕೂಗಲಿ. ಕೂಗಿಗೆ ಕಿವಿ ಕೊಡುವುದು ಬಿಡುವುದು ನಮ್ಮಿಷ್ಟ.

ನಮ್ಮ ಮನೆಗಳ ಗೋಡೆ ನೋಡಿ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಕೊಟ್ಟ ಕ್ಯಾಲೆಂಡರ್ ನೇತಾಡುತ್ತಿರುತ್ತದೆ. ಮೇಲೆ ಅಂಗಡಿಯ ಹೆಸರು ದೊಡ್ಡದಾಗಿ, ಕೆಳಗೆ ತಾರೀಕು, ತಿಥಿ, ಮಳೆ ನಕ್ಷತ್ರ. ಅದೂ ಜಾಹೀರಾತೇ. ವರ್ಷವಿಡೀ ನೋಡುತ್ತೇವೆ, ಬೇಸರ ಇಲ್ಲ. ಯಾಕೆ? ಅಂಗಡಿಯವನು ಎಷ್ಟೇ ಖರ್ಚು ಮಾಡಿರಲಿ, ಅಮಾವಾಸ್ಯೆಯನ್ನು ಎರಡು ದಿನ ಮುಂದಕ್ಕೆ ಹಾಕುವುದಿಲ್ಲ. ಆರಿದ್ರ ಮಳೆಯ ಜಾಗದಲ್ಲಿ ತನ್ನ ಗೊಬ್ಬರದ ಹೆಸರು ಬರೆಯುವುದಿಲ್ಲ. ಹೆಸರಿನ ಜಾಗ ಬೇರೆ, ತಿಥಿಯ ಜಾಗ ಬೇರೆ. ಇದೇ ಕ್ಯಾಲೆಂಡರಿನ ನ್ಯಾಯ.

ಮೊಬೈಲ್ ನಕ್ಷೆಯಲ್ಲಿ ಆ ನ್ಯಾಯ ತಪ್ಪಿದೆ. ‘ಹತ್ತಿರದಲ್ಲಿ ಎಲ್ಲಿದೆ?’ ಅಂತ ನಾವು ಕೇಳಿದ ಪ್ರಶ್ನೆಗೆ ಉತ್ತರ ಬರಬೇಕಾದ ಜಾಗದಲ್ಲೇ ಕಾಸು ಕೊಟ್ಟವನು ಕೂತಿರುತ್ತಾನೆ. ಪೇಪರಿನಲ್ಲಿ ಜಾಹೀರಾತು ನೋಡುವಾಗ ನಾವು ಎಚ್ಚರವಾಗಿರುತ್ತೇವೆ. ನಕ್ಷೆ ನೋಡುವಾಗ ಯಾರೂ ಎಚ್ಚರವಾಗಿರುವುದಿಲ್ಲ. ನಕ್ಷೆ ಅಂದರೆ ನಮಗೆ ಸಾಕ್ಷಿ. ಬಾಂದುಕಲ್ಲು ಇದ್ದ ಹಾಗೆ. ಗ್ರಾಮನಕ್ಷೆಯಲ್ಲಿ ಹಳ್ಳ ಇದ್ದರೆ ಹಳ್ಳ, ಬಂಡಿದಾರಿ ಇದ್ದರೆ ಬಂಡಿದಾರಿ. ಸರ್ವೆಯವರಿಗೆ ಕಾಸು ಕೊಟ್ಟು ಗೆರೆ ಸರಿಸಿದವರು ಊರಲ್ಲಿ ಇಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಅದನ್ನು ನಾವು ಕಳ್ಳತನ ಅಂತಲೇ ಕರೆಯುತ್ತೇವೆ, ವ್ಯಾಪಾರ ಅಂತ ಕರೆಯುವುದಿಲ್ಲ. ಬಾಂದುಕಲ್ಲಿನ ಮೇಲೆ ಯಾರೂ ಅಂಗಡಿ ಬೋರ್ಡು ಬರೆಯುವುದಿಲ್ಲ.

ಪಟ್ಟಣದವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಒಂದು ಹೋಟೆಲ್ಲಿಗೆ ಹೋಗುವ ಬದಲು ಇನ್ನೊಂದಕ್ಕೆ ಹೋದರೆ ಇಡ್ಲಿ ಸ್ವಲ್ಪ ಗಟ್ಟಿ ಇರಬಹುದು ಅಷ್ಟೇ. ನಮಗೆ ಹಾಗಲ್ಲ. ಎಮ್ಮೆ ಕರು ಹಾಕಲಾರದೆ ಒದ್ದಾಡುವಾಗ ಪಶುವೈದ್ಯರು ಬೇಕು. ಹಾವು ಕಚ್ಚಿದಾಗ ಔಷಧ ಇರುವ ಆಸ್ಪತ್ರೆ ಬೇಕು, ಬೋರ್ಡು ಹೊಳೆಯುವ ಆಸ್ಪತ್ರೆ ಅಲ್ಲ. ಮಿಡಿ ಕಟ್ಟುವ ಹೊತ್ತಿಗೆ ಪಕ್ಕದ ನೀರಾವರಿಯವನ ಮೋಟಾರು ಸುಟ್ಟರೆ ಅವತ್ತೇ ವೈಂಡಿಂಗ್ ಆಗಬೇಕು. ನಮ್ಮ ಕೆಲಸಗಳಿಗೆ ಗಡುವು ಇರುವುದು ಮಣ್ಣಿನಲ್ಲಿ, ಉಸಿರಿನಲ್ಲಿ. ಅಂಥ ಹೊತ್ತಿನಲ್ಲಿ ದಾರಿ ತೋರಿಸುವವನು ಯಾರ ಕಾಸು ತಿಂದು ತೋರಿಸುತ್ತಿದ್ದಾನೆ ಅನ್ನುವುದು ದೊಡ್ಡ ಪ್ರಶ್ನೆಯೇ.

ನಕ್ಷೆಯಲ್ಲಿ ಸುಳ್ಳು ಅಂಗಡಿಗಳ ಕಾಟ ಬೇರೆ. ಒಂದೇ ವರ್ಷದಲ್ಲಿ, 2018ರಲ್ಲಿ, 30 ಲಕ್ಷಕ್ಕೂ ಹೆಚ್ಚು ನಕಲಿ ವ್ಯಾಪಾರಗಳ ಹೆಸರನ್ನು ತೆಗೆದುಹಾಕಿದೆವು ಅಂತ ಗೂಗಲ್ಲೇ ಮರುವರ್ಷ ತಿಳಿಸಿತು. ಅದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚಿನವನ್ನು ಜನರ ಕಣ್ಣಿಗೆ ಬೀಳುವ ಮೊದಲೇ ತೆಗೆದೆವು ಅಂತಲೂ ಹೇಳಿತು. ತೆಗೆದದ್ದು ಒಳ್ಳೆಯದೇ. ಆದರೆ ಮೊಬೈಲ್ ತೋರಿಸಿದ್ದೆಲ್ಲ ವೇದವಾಕ್ಯ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಾಸಿಲ್ಲದ ನಕ್ಷೆ ಸಾಧ್ಯ ಇಲ್ಲವೇ?

ಇದೆ. ನಮ್ಮಲ್ಲೇ ಇದೆ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದವರು ಕಂದಾಯ ಇಲಾಖೆಗಾಗಿ ಮಾಡಿದ ‘ದಿಶಾಂಕ್’ ಆ್ಯಪನ್ನು ನಮ್ಮಲ್ಲಿ ಬಹಳ ಜನ ಬಳಸುತ್ತಾರೆ. ಹೊಲದಲ್ಲಿ ನಿಂತು ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಗಡಿ ಜಗಳಕ್ಕೆ ಅದು ಸಾಲದು, ಅಳತೆಗೆ ಸರ್ವೆಯರೇ ಬರಬೇಕು. ಆದರೆ ನನ್ನ ಸರ್ವೆ ನಂಬರಿನ ಜಾಗದಲ್ಲಿ ಟ್ರ್ಯಾಕ್ಟರ್ ಕಂಪನಿಯ ಹೆಸರು ಬರುವುದಿಲ್ಲ. ಅದರ ಖರ್ಚು ನಮ್ಮ ತೆರಿಗೆಯಿಂದ ಹೋಗುತ್ತದೆ, ಹೋಗಲಿ. ಇಸ್ರೋದವರ ‘ಭುವನ್’ 2009ರಲ್ಲಿ ಶುರುವಾದದ್ದು, ಅದೂ ಸರ್ಕಾರದ್ದೇ.

ಇನ್ನೊಂದು ಬಗೆ ಇದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಅನ್ನುವವರು ಶುರು ಮಾಡಿದ ‘ಓಪನ್ ಸ್ಟ್ರೀಟ್ ಮ್ಯಾಪ್’. ಪ್ರಪಂಚದ ಎಲ್ಲ ಕಡೆಯ ಜನ ತಮ್ಮ ತಮ್ಮ ಊರನ್ನು ತಾವೇ ಬರೆದಿದ್ದಾರೆ. ಒಂದು ಕಂಪನಿಯ ಆಸ್ತಿ ಅಲ್ಲ, ಬರೆದದ್ದನ್ನು ಯಾರು ಬೇಕಾದರೂ ಬಳಸಬಹುದು, ಊರಿನ ಹೆಸರನ್ನು ಕನ್ನಡದಲ್ಲೂ ಹಾಕಬಹುದು. ಊರ ಕೆರೆ ಹೂಳು ಎತ್ತಿದ ಹಾಗೆ, ಎಲ್ಲರೂ ಒಂದೊಂದು ಮಂಕರಿ ಎತ್ತಿದ್ದು. ಅಣ್ಣನ ಮಗಳು ಅದರಲ್ಲಿ ನಮ್ಮ ಊರು ತೋರಿಸಿದಳು. ಊರಿನ ಹೆಸರು, ದೊಡ್ಡ ರಸ್ತೆ ಇತ್ತು. ಕೆರೆ ಇತ್ತು, ಕೆರೆಯ ಹೆಸರಿರಲಿಲ್ಲ. ಅಂಗಡಿ ಒಂದೂ ಇರಲಿಲ್ಲ. ಅದೇ ಅದರ ಕೊರತೆ. ನಾವು ಬರೆಯದಿದ್ದರೆ ಅದರಲ್ಲಿ ನಾವು ಇರುವುದಿಲ್ಲ. ಹಾಗಾಗಿ ಇವತ್ತಿಗೆ ನಮ್ಮ ಹುಡುಗರು ಕಾಸಿನ ನಕ್ಷೆಯನ್ನೇ ಬಳಸುತ್ತಾರೆ. ‘ಬಳಸಬೇಡಿ’ ಅಂತ ನಾನು ಹೇಳಿದರೆ ಯಾರೂ ಕೇಳುವುದಿಲ್ಲ, ನನ್ನ ಮಗನೂ ಕೇಳುವುದಿಲ್ಲ.

ಏನಾಗಬೇಕು?

ನನಗೆ ತೋಚಿದ್ದು ಇಷ್ಟು.

ಮೊದಲನೆಯದು, ಕಾಸಿನ ಗುರುತು ಕಾಸಿನ ಗುರುತು ಅಂತಲೇ ಕಾಣಬೇಕು. ‘ಪ್ರಾಯೋಜಿತ’ ಅನ್ನುವ ಪದವನ್ನು ಇರುವೆ ಗಾತ್ರದಲ್ಲಿ ಬರೆದು ಕೈತೊಳೆದುಕೊಂಡರೆ ಆಗದು. ‘ಹಣ ಕೊಟ್ಟ ಜಾಹೀರಾತು’ ಅಂತ ನಮಗೆ ತಿಳಿಯುವ ಕನ್ನಡದಲ್ಲಿ, ಅಂಗಡಿಯ ಹೆಸರಿನಷ್ಟೇ ದೊಡ್ಡದಾಗಿ ಬರೆಯಲಿ. ಓದು ಬಾರದವರಿಗೂ ತಿಳಿಯುವಂತೆ ಬೇರೆ ಬಣ್ಣದ ಪೆಟ್ಟಿಗೆ ಕಟ್ಟಲಿ. ಕಾನೂನು ಇಲ್ಲ ಅಂತ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ರೀತಿಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಬೇರೆ ಸುದ್ದಿ, ಬೇರೆ ಮಾಹಿತಿ ಇದ್ದ ಹಾಗೆ ವೇಷ ಹಾಕಿ ಬರುವ ಜಾಹೀರಾತೂ ಅದರಲ್ಲಿ ಒಂದು. ಸಣ್ಣಕ್ಷರದ ಒಂದು ಪದ ಹಾಕಿದ ಕೂಡಲೇ ವೇಷ ಕಳಚಿತೇ ಅನ್ನುವುದನ್ನು ಪ್ರಾಧಿಕಾರ ನಮ್ಮಂಥವರ ಕಣ್ಣಿನಿಂದ ನೋಡಿ ತೀರ್ಮಾನಿಸಬೇಕು. ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ನಾನು ಕೊಡಲಿಲ್ಲ. ಆಗ ಈ ನಂಬರ್ ಗೊತ್ತಿರಲಿಲ್ಲ. ಈಗ ಗೊತ್ತಿದೆ, ನಿಮಗೂ ಗೊತ್ತಿರಲಿ.

ಎರಡನೆಯದು, ಜೀವಕ್ಕೆ ಸಂಬಂಧಿಸಿದ ಹುಡುಕಾಟದಲ್ಲಿ ಕಾಸಿನ ಗುರುತೇ ಬೇಡ. ಆಸ್ಪತ್ರೆ, ಪಶು ಆಸ್ಪತ್ರೆ, ಔಷಧಿ ಅಂಗಡಿ ಅಂತ ಹುಡುಕಿದಾಗ ಹತ್ತಿರದ್ದು, ತೆರೆದಿರುವುದು ಮೊದಲು ಬರಲಿ. ಅಲ್ಲಿ ಹರಾಜು ಹಾಕುವುದು ಹೆಣದ ಮುಂದೆ ಹರಾಜು ಹಾಕಿದಂತೆ.

ಮೂರನೆಯದು ಸರ್ಕಾರದ ಕೆಲಸ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ಮಾಡುವುದಕ್ಕಿದ್ದ ಕಟ್ಟುಪಾಡುಗಳನ್ನು ಸಡಿಲಿಸಿ ದೇಶದ ಕಂಪನಿಗಳಿಗೆ ಬಾಗಿಲು ತೆರೆಯಿತು. ಕಂಪನಿಗಳಿಗೆ ಬಾಗಿಲು ತೆರೆದ ಹಾಗೆ ರೈತರಿಗೂ ಒಂದು ಕಿಟಕಿ ತೆರೆಯಲಿ. ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರ, ಪಶು ಆಸ್ಪತ್ರೆ, ಬಾಡಿಗೆ ಯಂತ್ರ ಕೇಂದ್ರ, ಎಪಿಎಂಸಿ, ಪರವಾನಗಿ ಇರುವ ಬೀಜ ಗೊಬ್ಬರದ ಅಂಗಡಿ ಇವುಗಳ ಪಟ್ಟಿ ಇಲಾಖೆಗಳ ಹತ್ತಿರ ಹೇಗೂ ಇದೆ. ಅದನ್ನು ದಿಶಾಂಕ್‌ನಂಥ ನಕ್ಷೆಯ ಮೇಲೆ, ಫೋನ್ ನಂಬರಿನ ಸಮೇತ, ಕನ್ನಡದಲ್ಲಿ ಹಾಕಿದರೆ ದೊಡ್ಡ ಖರ್ಚಿನ ಕೆಲಸವೇನಲ್ಲ.

ಕೊನೆಯದು ನಮ್ಮ ಕೆಲಸ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಆ ಹಬ್ಬದ ಮಾರನೆಯ ದಿನ ಅಣ್ಣನ ಮಗಳನ್ನು ಕರೆದುಕೊಂಡು ಆಚಾರ್ರ ಅಂಗಡಿಗೆ ಹೋದೆವು. ಅವರಿಂದಲೇ ಕೇಳಿ ಅಂಗಡಿಯ ಹೆಸರು, ಏನೇನು ಕೆಲಸ ಮಾಡುತ್ತಾರೆ, ಎಷ್ಟು ಗಂಟೆಗೆ ತೆರೆಯುತ್ತಾರೆ ಎಲ್ಲ ಬರೆದು ಕಾಸಿನ ನಕ್ಷೆಗೂ ಸೇರಿಸಿದಳು, ಕಾಸಿಲ್ಲದ ನಕ್ಷೆಗೂ ಸೇರಿಸಿದಳು. ಒಂದು ಪೈಸೆ ಖರ್ಚಾಗಲಿಲ್ಲ. ನಿಮ್ಮ ಊರಿನಲ್ಲೂ ಕುಲುಮೆಯವರು, ವೈಂಡಿಂಗ್ ಮಾಡುವವರು, ಕೂರಿಗೆ ಬಡಗಿ, ನಾಟಿ ಬೀಜ ಇಟ್ಟುಕೊಂಡಿರುವ ಅಜ್ಜಿ ಇರುತ್ತಾರೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಒಂದು ಭಾನುವಾರ ಈ ಕೆಲಸ ಹಚ್ಚಿ. ಆದರೆ ಅವರ ಒಪ್ಪಿಗೆ ಕೇಳಿಯೇ ಹೆಸರು, ನಂಬರ್ ಹಾಕಿ. ಎಲ್ಲರಿಗೂ ಫೋನಿನ ಕಾಟ ಬೇಕಿರುವುದಿಲ್ಲ.

ಜೊತೆಗೆ ಹಳೇ ಪದ್ಧತಿಯನ್ನೂ ಬಿಡಬೇಡಿ. ಈಗ ನಮ್ಮ ಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದೇನೆ. ಪಶುವೈದ್ಯರು, ಲೇತ್, ಟ್ರ್ಯಾಕ್ಟರ್ ಮೆಕ್ಯಾನಿಕ್, ಲೈನ್‌ಮ್ಯಾನ್, ಆಂಬುಲೆನ್ಸ್ ಹೀಗೆ ಹತ್ತು ನಂಬರ್. ಮುಂಗಾರಿಗೆ ಮುಂಚೆ ಒಂದೊಂದಕ್ಕೂ ಫೋನ್ ಮಾಡಿ ನಂಬರ್ ಸರಿ ಇದೆಯಾ ನೋಡುತ್ತೇನೆ. ಕೂರಿಗೆಯ ಹಲ್ಲುಚಕ್ರ ಒಂದು ಹೆಚ್ಚಿಗೆ ಮಾಡಿಸಿ ಮನೆಯಲ್ಲಿ ಇಟ್ಟಿದ್ದೇನೆ.

ಮೊನ್ನೆ ಆಚಾರ್ರು ಸಿಕ್ಕಿದ್ದರು. ‘ಗೌಡ್ರೆ, ಮ್ಯಾಪ್ ನೋಡ್ಕೊಂಡು ಹಿರಿಯೂರು ಕಡೆಯಿಂದ ಇಬ್ಬರು ಬಂದಿದ್ರು’ ಅಂದರು. ಮುಖದಲ್ಲಿ ನಗೆ ಇತ್ತು. ಆಮೇಲೆ ದನಿ ತಗ್ಗಿಸಿ ಹೇಳಿದರು, ‘ಆದ್ರೆ ಈಗ ದಿನಾ ಒಂದು ಫೋನ್ ಬರ್ತದೆ. ತಿಂಗಳಿಗಿಷ್ಟು ಕೊಡಿ, ನಿಮ್ಮನ್ನ ಎಲ್ಲರಿಗಿಂತ ಮೇಲೆ ತೋರಿಸ್ತೀವಿ ಅಂತಾರೆ. ಕೊಡ್ಲಾ ಬೇಡ್ವಾ?’

ನಾನು ಬೇಡ ಅಂದೆ. ‘ಹಾಗೆ ಫೋನ್ ಮಾಡೋರಲ್ಲಿ ಮೋಸದವರೂ ಇರ್ತಾರೆ, ಹುಷಾರು. ಅದೂ ಅಲ್ಲದೆ, ನೀವು ಕೊಟ್ಟರೆ ಪಕ್ಕದ ಬೀದಿಯವನೂ ಕೊಡಬೇಕಾಗುತ್ತೆ. ಇಬ್ಬರೂ ಕೊಟ್ಟ ಮೇಲೆ ಮತ್ತೆ ಮೊದಲಿದ್ದ ಜಾಗಕ್ಕೇ ಬರ್ತೀರಿ. ಆ ಕಾಸನ್ನ ನಮ್ಮ ಕೂಲಿಗೆ ಸೇರಿಸ್ತೀರಿ’ ಅಂದೆ. ಅವರು ತಲೆ ಆಡಿಸಿದರು. ಎಷ್ಟು ದಿನ ತಡೆದುಕೊಳ್ಳುತ್ತಾರೋ ನೋಡಬೇಕು. ಬೈಪಾಸಿನ ಶೋರೂಮು ಇನ್ನೂ ಮೊದಲನೆಯ ಜಾಗದಲ್ಲೇ ಇದೆ.

ಓದುಗ ಬಂಧುಗಳಲ್ಲಿ ಯಾರಿಗಾದರೂ ಇಂಥ ಅನುಭವ ಆಗಿದ್ದರೆ, ನನ್ನ ಮಾತಿನಲ್ಲಿ ತಪ್ಪಿದ್ದರೂ ಸರಿ, ಪತ್ರಿಕೆಗೆ ಬರೆಯಿರಿ. ನಿಮ್ಮ ಹೋಬಳಿಯ ಪಟ್ಟಿ ಮಾಡಿದ್ದರೆ ಹೇಗೆ ಮಾಡಿದಿರಿ ಅನ್ನುವುದನ್ನೂ ತಿಳಿಸಿ. ಮುಂದಿನ ಆರಿದ್ರದೊಳಗೆ ಅಷ್ಟಾದರೂ ಆಗಲಿ.